ಅಲೆಯಿಂದ ಕರೆಂಟು: ಕೇಳಬೇಕಾದ್ದು ‘ಎಷ್ಟು’ ಅಂತಲ್ಲ, ‘ಯಾವಾಗ’ ಅಂತ

ಮಳೆಗಾಲ ಹಿಡಿಯಿತೆಂದರೆ ಮರವಂತೆಯ ಕಡಲ ಅಬ್ಬರ ಹೆದ್ದಾರಿ ತನಕ ಕೇಳುತ್ತದೆ. ಗಂಗೊಳ್ಳಿ, ಮಲ್ಪೆ ಬಂದರಿನಲ್ಲಿ ಬೋಟ್‌ಗಳು ಸಾಲಾಗಿ ನಿಂತಿರುತ್ತವೆ. ಆಗ ಚಾ ಅಂಗಡಿ ಕಟ್ಟೆಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: ಇಷ್ಟು ಜೋರಿನ ಅಲೆಯಿಂದ ಕರೆಂಟು ತೆಗೆಯಬಾರದಾ?

ತೆಗೆಯಬಹುದು. ಪ್ರಶ್ನೆ ಇರುವುದು ಲೆಕ್ಕದಲ್ಲಿ. ಆ ಲೆಕ್ಕ ಇವತ್ತು ನಡೆಯುವುದು ಮೊದಲು ಕಂಪ್ಯೂಟರಿನಲ್ಲಿ, ಆಮೇಲೆ ಕಡಲಲ್ಲಿ.

ಲೆಕ್ಕ ಹಾಕುವುದು ಹೇಗೆ?

ಮೊದಲು ಬೇಕಾಗುವುದು ಅಲೆಯ ಎತ್ತರ, ಮತ್ತು ಒಂದು ಅಲೆಯ ಹಿಂದೆ ಇನ್ನೊಂದು ಬರಲು ಹಿಡಿಯುವ ಸಮಯ. ಇವನ್ನು ತೇಲುಬುರುಡೆಗಳು ಅಳೆಯುತ್ತವೆ. ಎತ್ತರ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ.

ಆಳ ಸಮುದ್ರಕ್ಕೆ ಬಳಸುವ ಸಾಮಾನ್ಯ ಸೂತ್ರದ ಪ್ರಕಾರ, ಏಳು ಸೆಕೆಂಡಿಗೊಮ್ಮೆ ಬರುವ 1 ಮೀಟರ್ ಎತ್ತರದ ಅಲೆಯಲ್ಲಿ ಪ್ರತಿ ಮೀಟರ್ ಅಗಲಕ್ಕೆ ಸುಮಾರು 3.4 ಕಿಲೋವ್ಯಾಟ್ ಇರುತ್ತದೆ. ಒಂಬತ್ತು ಸೆಕೆಂಡಿಗೊಮ್ಮೆ ಬರುವ 3 ಮೀಟರ್ ಅಲೆಯಲ್ಲಿ ಸುಮಾರು 40 ಕಿಲೋವ್ಯಾಟ್. ಯಂತ್ರ ಇದರಲ್ಲಿ ಒಂದು ಪಾಲನ್ನಷ್ಟೇ ಹಿಡಿಯಬಲ್ಲದು.

ಆ ಪಾಲು ಎಷ್ಟೆಂದು ಹೇಳುವುದು ಕಂಪ್ಯೂಟರ್ ಮಾದರಿ. ಫ್ರಾನ್ಸಿನ ನಾಂತ್‌ನಲ್ಲಿ ತಯಾರಾದ ‘ನೆಮೊ’, ಅಮೆರಿಕದ ರಾಷ್ಟ್ರೀಯ ಪ್ರಯೋಗಾಲಯಗಳ ‘ವೆಕ್-ಸಿಮ್’ ಇಂಥ ತಂತ್ರಾಂಶಗಳು. ಎರಡೂ ಉಚಿತ. ಅಲೆ ಬಡಿದಾಗ ತೇಲುವ ಯಂತ್ರ ಹೇಗೆ ಏರಿ ಇಳಿಯುತ್ತದೆ, ಲಂಗರಿನ ಸರಪಳಿ ಮೇಲೆ ಎಷ್ಟು ಎಳೆತ ಬೀಳುತ್ತದೆ, ಕೊನೆಗೆ ಎಷ್ಟು ವಿದ್ಯುತ್ ಬರುತ್ತದೆ ಎಂದು ಇವು ತೋರಿಸುತ್ತವೆ. ಕೋಟಿಗಟ್ಟಲೆ ಖರ್ಚು ಮಾಡಿ ಕಡಲಿಗಿಳಿಸುವ ಮೊದಲೇ ತಪ್ಪು ಗೊತ್ತಾದರೆ ಅದೇ ಲಾಭ.

ಆದರೆ ಸಣ್ಣ, ಮಧ್ಯಮ ಅಲೆಗೆ ಸರಿಹೋಗುವ ಈ ಲೆಕ್ಕ ಬಿರುಗಾಳಿಯಲ್ಲಿ ಒಡೆದು ಬೀಳುವ ಅಲೆಗೆ ಅಷ್ಟು ಸರಿ ಹೊಂದುವುದಿಲ್ಲ. ಅದಕ್ಕೆ ಬೇರೆ ದೊಡ್ಡ ಲೆಕ್ಕ, ನೀರಿನ ತೊಟ್ಟಿಯಲ್ಲಿ ಪರೀಕ್ಷೆ ಎರಡೂ ಬೇಕು.

ಕಡಲು ಕಲಿಸಿದ ಪಾಠ

ಕೇರಳದ ವಿಳಿಂಜಂನಲ್ಲಿ 1991ರಲ್ಲೇ 150 ಕಿಲೋವ್ಯಾಟ್‌ನ ಘಟಕ ಶುರುವಾಗಿತ್ತು, ಮದ್ರಾಸ್ ಐಐಟಿಯ ಕೆಲಸ. ಅದೀಗ ಇಲ್ಲ. ಪೋರ್ಚುಗಲ್‌ನಲ್ಲಿ 2008ರಲ್ಲಿ ‘ಪೆಲಾಮಿಸ್’ ಹೆಸರಿನ ಮೂರು ಯಂತ್ರಗಳನ್ನು ಕಡಲಿಗಿಳಿಸಿದರು, ಒಟ್ಟು 2.25 ಮೆಗಾವ್ಯಾಟ್. ಯಂತ್ರದ ತೊಂದರೆ, ಹಣದ ಮುಗ್ಗಟ್ಟು ಸೇರಿ ಕೆಲವೇ ತಿಂಗಳಲ್ಲಿ ದಡಕ್ಕೆ ತರಬೇಕಾಯಿತು. 2022ರ ನವೆಂಬರ್‌ನಲ್ಲಿ ಮದ್ರಾಸ್ ಐಐಟಿ ತೂತ್ತುಕುಡಿಯಿಂದ 6 ಕಿ.ಮೀ. ದೂರದ ಕಡಲಲ್ಲಿ ಪರೀಕ್ಷಿಸಿದ ‘ಸಿಂಧುಜಾ-1’ ಕೊಟ್ಟದ್ದು 100 ವ್ಯಾಟ್. ಒಂದು ಫ್ಯಾನು, ಒಂದು ಬಲ್ಬಿಗೆ ಸಾಕು.

ಉಡುಪಿ ಕರಾವಳಿಗೆ ಅಸಲು ಪ್ರಶ್ನೆ

ಇಲ್ಲಿ ದೊಡ್ಡ ಅಲೆ ಸಿಗುವುದು ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕ. ಉಳಿದ ತಿಂಗಳು ಕಡಲು ಬಹುಪಾಲು ಶಾಂತ. ಹಾಗಾಗಿ ‘ವರ್ಷದ ಸರಾಸರಿ’ ಎಂಬ ಅಂಕಿ ದಾರಿ ತಪ್ಪಿಸುತ್ತದೆ. ಜಾತ್ರೆ ವಾರದ ವ್ಯಾಪಾರ ನೋಡಿ ಇಡೀ ವರ್ಷದ ಬಾಡಿಗೆಗೆ ಒಪ್ಪಿಕೊಂಡ ಹಾಗೆ.

ಇನ್ನೊಂದು ತೊಡಕೂ ಇದೆ. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ನಿಷೇಧ. ಕಡಲಲ್ಲಿ ಶಕ್ತಿ ತುಂಬಿರುವ ಆ ಹೊತ್ತಿಗೇ ಬಂದರಿನ ಐಸ್ ಪ್ಲಾಂಟ್‌ಗಳಿಗೆ ಕೆಲಸ ಕಡಿಮೆ. ವಾರಾಹಿ, ಶರಾವತಿಯ ಜಲಾಶಯಗಳು ತುಂಬುವುದೂ ಆಗಲೇ. ಮಳೆಗಾಲದಲ್ಲಿ ಊರಿಗೆ ಕರೆಂಟು ಹೋಗುವುದು ಹೆಚ್ಚಾಗಿ ಮರ ಬಿದ್ದು ಲೈನ್ ಹರಿದು. ಅಲೆಯ ಯಂತ್ರ ಬಂದರೂ ಆ ಲೈನ್ ಸರಿಯಾಗದು. ಬೇಡಿಕೆ ಏರುವ ಮಾರ್ಚ್-ಏಪ್ರಿಲ್‌ನಲ್ಲಿ ಅಲೆ ಸಣ್ಣದು, ಕಡಲ ತುಂಬ ಬೋಟು. ಯಂತ್ರ ನಿಂತ ಜಾಗದಲ್ಲಿ ಬಲೆ ಎಳೆಯುವ ಹಾಗಿಲ್ಲ.

ಹಾಗಂತ ದಾರಿಯೇ ಇಲ್ಲವೆಂದಲ್ಲ. ಸ್ಪೇನಿನ ಮುತ್ರಿಕು ಬಂದರಿನಲ್ಲಿ ಬ್ರೇಕ್‌ವಾಟರ್ ಒಳಗೇ 16 ಟರ್ಬೈನ್ ಕೂರಿಸಿ 2011ರಲ್ಲಿ 296 ಕಿಲೋವ್ಯಾಟ್‌ನ ಘಟಕ ಆರಂಭಿಸಿದರು. ಹೇಗೂ ಕಟ್ಟಬೇಕಾದ ಗೋಡೆಗೆ ಇನ್ನೊಂದು ಉಪಯೋಗ, ಬೋಟಿಗೂ ಅಡ್ಡಿಯಿಲ್ಲ. ಕಡಲ್ಕೊರೆತ ತಡೆಯಲು ಪದೇ ಪದೇ ಕಲ್ಲು ಸುರಿಯುವ ಈ ಕರಾವಳಿ ಯೋಚಿಸಬಹುದಾದ ದಾರಿ ಇದು.

ನಾಳೆ ಯಾರಾದರೂ ಯೋಜನೆ ಹಿಡಿದುಕೊಂಡು ಬಂದರೆ ಮೆಗಾವ್ಯಾಟ್ ಅಂಕಿ ಕೇಳಿ ಚಪ್ಪಾಳೆ ತಟ್ಟುವ ಮೊದಲು ಮೂರು ಕಾಗದ ಕೇಳಬೇಕು: ತಿಂಗಳುವಾರು ಉತ್ಪಾದನೆಯ ಲೆಕ್ಕ, ದೊಡ್ಡ ಬಿರುಗಾಳಿ ತಡೆದೀತೇ ಎಂಬ ಪರೀಕ್ಷೆಯ ವರದಿ, ಯಂತ್ರದ ಹಿಂದಿನ ದಡದಲ್ಲಿ ಮರಳು ಎತ್ತ ಸರಿಯುತ್ತದೆ ಎಂಬ ನಕ್ಷೆ. ಈ ಮೂರನ್ನೂ ಕಂಪ್ಯೂಟರ್ ಲೆಕ್ಕ ಮತ್ತು ತೊಟ್ಟಿ ಪರೀಕ್ಷೆಯಿಂದ ಮೊದಲೇ ತಯಾರಿಸಬಹುದು. ತೋರಿಸದಿದ್ದರೆ ಒಪ್ಪಿಗೆ ಕೊಡಲು ಅವಸರ ಬೇಡ.