ಬೆಟ್ಟದ ಮೇಲಿನ ವಿಶ್ವವಿದ್ಯಾನಿಲಯ, ಬಯಲುಸೀಮೆಯ ವಿದ್ಯಾರ್ಥಿ

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜು 2024ರ ಜನವರಿಯಲ್ಲಿ ಡೀಮ್ಡ್ ವಿಶ್ವವಿದ್ಯಾನಿಲಯದ ಸ್ಥಾನವನ್ನು ಪಡೆಯಿತು. ಅದಕ್ಕೂ ಮುನ್ನ, 2022ರ ಸೆಪ್ಟೆಂಬರ್ 27ರಂದು, ಬೆಂಗಳೂರಿನ ಸಂತ ಜೋಸೆಫರ ವಿಶ್ವವಿದ್ಯಾನಿಲಯವನ್ನು ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ಉದ್ಘಾಟಿಸಿದ್ದರು. ಸಿ.ಎಂ.ಐ. ಸಭೆಯ ಗುರುಗಳು 1969ರಲ್ಲಿ ಸ್ಥಾಪಿಸಿದ ಕ್ರೈಸ್ಟ್ ಕಾಲೇಜು 2008ರಲ್ಲಿಯೇ ಡೀಮ್ಡ್ ವಿಶ್ವವಿದ್ಯಾನಿಲಯವಾಗಿತ್ತು. ಹೀಗೆ ಹದಿನಾರು ವರ್ಷಗಳ ಅವಧಿಯಲ್ಲಿ ಕರ್ನಾಟಕದ ಕಥೋಲಿಕ ಸಮುದಾಯದ ಮೂರು ಹೆಸರಾಂತ ಕಾಲೇಜುಗಳು ವಿಶ್ವವಿದ್ಯಾನಿಲಯಗಳಾದವು. ಇದು ಹೆಮ್ಮೆಯ ವಿಷಯವೇ ಸರಿ. ಆದರೆ ಈ ಮೂರರಲ್ಲಿ ಎರಡು ಬೆಂಗಳೂರಿನಲ್ಲಿವೆ, ಒಂದು ಮಂಗಳೂರಿನಲ್ಲಿದೆ. ತುಂಗಭದ್ರೆಯ ಎಡದಂಡೆಯ ಮುನಿರಾಬಾದಿನಲ್ಲೋ, ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಿತ ಹಳ್ಳಿಗಳಲ್ಲೋ ಪಿ.ಯು.ಸಿ. ಮುಗಿಸಿ ಕುಳಿತ ವಿದ್ಯಾರ್ಥಿನಿಗೆ ಆ ಭವ್ಯ ಆವರಣಗಳಿಂದ ಆಗುವ ಪ್ರಯೋಜನವೇನು ಎಂಬುದನ್ನು ಈ ವಾರ ಓದುಗರೊಡನೆ ವಿಚಾರ ಮಾಡಬೇಕೆನಿಸಿದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಭಾಗದವರ ಮಟ್ಟಿಗೆ ವಿಶ್ವವಿದ್ಯಾನಿಲಯದ ಮೊದಲ ಕಟ್ಟಡವೆಂದರೆ ವಿದ್ಯಾರ್ಥಿನಿಲಯ. ಗ್ರಂಥಾಲಯ ಎರಡನೆಯದು. ಸಭಾಂಗಣ, ಆಡಳಿತ ಸೌಧ, ಗಾಜಿನ ಮುಖಮಂಟಪ ಇವೆಲ್ಲ ಅನಂತರದವು.

ಇದು ಹೊಸ ಮಾತೇನೂ ಅಲ್ಲ. ಸಂತ ಅಲೋಶಿಯಸ್ ಕಾಲೇಜಿನ ಚರಿತ್ರೆಯೇ ಇದಕ್ಕೆ ಆಧಾರ. ಇಟಲಿಯಿಂದ ಬಂದ ಯೇಸುಸಭೆಯ ಗುರುಗಳು 1880ರ ಜನವರಿಯಲ್ಲಿ ಪಾಠ ಆರಂಭಿಸಿದಾಗ ಬೆಟ್ಟದ ಮೇಲಿನ ಆ ನೀಳವಾದ ಕಟ್ಟಡ ಇರಲೇ ಇಲ್ಲ. ಕಾಲೇಜು ಅಲ್ಲಿಗೆ ಸ್ಥಳಾಂತರಗೊಂಡದ್ದು 1885ರಲ್ಲಿ. ಐದು ವರ್ಷಗಳ ಕಾಲ ವಿದ್ಯಾರ್ಥಿಗಳಿದ್ದರು, ಗುರುಗಳಿದ್ದರು, ತಮ್ಮದೆಂಬ ಸೌಧ ಮಾತ್ರ ಇರಲಿಲ್ಲ. ಮೊದಲು ಮಕ್ಕಳು, ಆಮೇಲೆ ಗೋಡೆ ಎಂಬ ಈ ಕ್ರಮವನ್ನು ಇಂದಿನ ಯೋಜನಾ ಸಮಿತಿಗಳು ಒಮ್ಮೆ ನೆನಪಿಸಿಕೊಳ್ಳುವುದು ಒಳಿತು.

ಆ ಆವರಣದ ಪ್ರಾರ್ಥನಾಮಂದಿರವನ್ನು ನೋಡಿದವರು ಅದರ ಚೆಲುವನ್ನು ಮರೆಯಲಾರರು. ಇಟಲಿಯ ಬೆರ್ಗಾಮೊ ಪ್ರಾಂತ್ಯದ ಬ್ರದರ್ ಅಂತೋನಿಯೊ ಮೊಸ್ಕೇನಿ ಅವರು ಹತ್ತೊಂಬತ್ತನೆಯ ಶತಮಾನ ಮುಗಿದು ಇಪ್ಪತ್ತನೆಯದು ಆರಂಭವಾಗುವ ಹೊತ್ತಿನಲ್ಲಿ ಅದರ ಗೋಡೆ, ಛಾವಣಿಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಗೋಡೆಯ ಚಿತ್ರಗಳು ಹಸಿ ಸುಣ್ಣದ ಗಾರೆಯ ಮೇಲೆ ಬರೆದವು. ಗಾರೆ ಆರುವ ಮುನ್ನ ಬಣ್ಣ ಹಚ್ಚಬೇಕು. ಆರುತ್ತ ಆರುತ್ತ ಸುಣ್ಣವೇ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಸುಣ್ಣದ ಶಕ್ತಿಯನ್ನು ಮುನಿರಾಬಾದಿನವರಿಗೆ ಬೇರೆ ಯಾರೂ ವಿವರಿಸಬೇಕಾಗಿಲ್ಲ. 1945ರಲ್ಲಿ ಶಂಕುಸ್ಥಾಪನೆಗೊಂಡು 1953ರಲ್ಲಿ ಪೂರ್ಣಗೊಂಡ ನಮ್ಮ ಅಣೆಕಟ್ಟೆಯ ಕಲ್ಲುಗಳನ್ನು ಬೆಸೆದಿರುವುದು ಸಿಮೆಂಟಲ್ಲ, ಸುರ್ಕಿ ಗಾರೆ. ಮೊಸ್ಕೇನಿ ಮತ್ತೆ ತಾಯ್ನಾಡಿಗೆ ಹಿಂತಿರುಗಲಿಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಕಡಲ ತೀರದ ತೇವದಿಂದ ಮಂಕಾಗಿದ್ದ ಅವರ ಚಿತ್ರಗಳನ್ನು 1990ರ ದಶಕದ ಆರಂಭದಲ್ಲಿ ಇಂಟ್ಯಾಕ್ ಸಂಸ್ಥೆಯ ತಜ್ಞರು ಶ್ರಮಪಟ್ಟು ಉಳಿಸಿಕೊಟ್ಟರು.

ಛಾವಣಿಯ ನಡುವಿನ ಚಿತ್ರಗಳು ಹೇಳುವುದು ಸಂತ ಅಲೋಶಿಯಸ್ ಗೊನ್ಜಾಗರ ಜೀವನ ಕಥೆಯನ್ನು. ಅವರು ದೊರೆಮನೆತನದ ಹಿರಿಯ ಮಗ. ಅರಮನೆಯ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆ ಸೇರಿದರು. ರೋಮಿನಲ್ಲಿ ಸಾಂಕ್ರಾಮಿಕ ಪೀಡಿತರ ಶುಶ್ರೂಷೆ ಮಾಡುತ್ತ ಅದೇ ರೋಗಕ್ಕೆ ತುತ್ತಾಗಿ 1591ರಲ್ಲಿ, ಕೇವಲ ಇಪ್ಪತ್ತಮೂರರ ಪ್ರಾಯದಲ್ಲಿ, ಮೃತರಾದರು. ಅರಮನೆಯನ್ನು ತೊರೆದವರ ಹೆಸರಿನಲ್ಲಿ ಅರಮನೆಯಂತಹ ಕಟ್ಟಡ ಕಟ್ಟಬಾರದೆಂದು ನಾನು ಹೇಳುತ್ತಿಲ್ಲ. ಸುಂದರವಾದ ಕಟ್ಟಡದಲ್ಲಿ ಕಲಿಯುವ ಹಕ್ಕು ಬಡವರ ಮಕ್ಕಳಿಗೂ ಉಂಟು. ಆದರೆ ಅವರು ಅಲ್ಲಿಗೆ ಬಂದು ತಲುಪುವ ದಾರಿ ಇರಬೇಕಲ್ಲ?

ಆ ದಾರಿಯ ವಿಷಯಕ್ಕೆ ಬರೋಣ. ಹೊಸಪೇಟೆಯಲ್ಲಿ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿನ ಜಾವಕ್ಕೆ ಬೆಂಗಳೂರು. ಪ್ರಯಾಣ ಕಷ್ಟವಲ್ಲ, ಕಷ್ಟ ಶುರುವಾಗುವುದು ರೈಲಿನಿಂದ ಇಳಿದ ಮೇಲೆ. ಮಗಳನ್ನು ಅಷ್ಟು ದೂರ ಕಳುಹಿಸುವ ತಂದೆತಾಯಿ ಮೊಟ್ಟಮೊದಲು ಕೇಳುವುದು ಪ್ರಯೋಗಾಲಯದ ಯಂತ್ರಗಳ ಬಗ್ಗೆಯಲ್ಲ. ಎಲ್ಲಿ ಇರುತ್ತಾಳೆ, ಯಾರು ನೋಡಿಕೊಳ್ಳುತ್ತಾರೆ, ಊಟಕ್ಕೆ ತಿಂಗಳಿಗೆಷ್ಟು ಎಂದು. ಶುಲ್ಕದಲ್ಲಿ ರಿಯಾಯಿತಿ ಸಿಕ್ಕರೂ ಖಾಸಗಿ ಪಿ.ಜಿ. ಕೋಣೆಯ ಬಾಡಿಗೆಯ ಮುಂದೆ ಕೂಲಿ ಮಾಡುವ ಕುಟುಂಬ ಸೋಲುತ್ತದೆ. ಪ್ರವೇಶಪತ್ರ ಕೈಗೆ ಬಂದಿದ್ದರೂ ಹೊಸಪೇಟೆಯಲ್ಲಿಯೋ ಕೊಪ್ಪಳದಲ್ಲಿಯೋ ಸಿಕ್ಕ ಕೋರ್ಸಿಗೆ ಸೇರಿಕೊಳ್ಳುವ ಮಕ್ಕಳ ಕಥೆ ನಮ್ಮಲ್ಲಿ ಅಪರೂಪವಲ್ಲ. ಸಂವಿಧಾನದ 371-ಜೆ ವಿಧಿ ಕಲ್ಯಾಣ ಕರ್ನಾಟಕಕ್ಕೆ ಶಿಕ್ಷಣ, ಉದ್ಯೋಗಗಳಲ್ಲಿ ಮೀಸಲಾತಿಯ ಬಾಗಿಲು ತೆರೆಯಿತು, ನಿಜ. ಆದರೆ ಬೆಂಗಳೂರಿನ ಖಾಸಗಿ ಆವರಣದಲ್ಲಿ ಒಂದು ಮಂಚವನ್ನು ಅದು ಕೊಡಿಸಲಾರದು.

ಮನೆಯಲ್ಲಿ ಮೇಜು ಕುರ್ಚಿ ಇಲ್ಲದ, ಒಂದೇ ಕೋಣೆಯಲ್ಲಿ ಐದಾರು ಜನ ಮಲಗುವ ಮಕ್ಕಳಿಗೆ ಗ್ರಂಥಾಲಯವೆಂದರೆ ಪುಸ್ತಕ ಎರವಲು ಪಡೆಯುವ ಕಿಟಕಿಯಷ್ಟೇ ಅಲ್ಲ. ಅದು ಕುಳಿತು ಓದುವ ಜಾಗ. ಸಂಜೆ ಐದಕ್ಕೆ ಬೀಗ ಬೀಳುವ ಗ್ರಂಥಾಲಯದಲ್ಲಿ ಲಕ್ಷ ಪುಸ್ತಕಗಳಿದ್ದರೂ ಅಂತಹ ವಿದ್ಯಾರ್ಥಿಗೆ ಅವು ಇಲ್ಲದಂತೆಯೇ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಮೊದಲ ಆರು ತಿಂಗಳು ಇಂಗ್ಲಿಷ್ ಕಲಿಸಿಕೊಡುವ ಒಂದು ಕೋಣೆ, ಇಬ್ಬರು ಅಧ್ಯಾಪಕರು ಇದ್ದರೆ ಹವಾನಿಯಂತ್ರಿತ ಸಭಾಂಗಣಕ್ಕಿಂತ ಅದು ಹೆಚ್ಚಿನ ಸೌಕರ್ಯ.

ಆಡಳಿತ ನಡೆಸುವವರ ಕಷ್ಟವೂ ನಮಗೆ ತಿಳಿಯದ್ದಲ್ಲ. ನ್ಯಾಕ್ ಸಮಿತಿ ಕಾಲೇಜುಗಳನ್ನು ಅಳೆಯುತ್ತ ಬಂದ ಏಳು ಮಾನದಂಡಗಳಲ್ಲಿ ಮೂಲಸೌಕರ್ಯವೂ ಒಂದು. ಹೊಸ ಕಟ್ಟಡ ಛಾಯಾಚಿತ್ರದಲ್ಲಿ ಕಾಣುತ್ತದೆ. ದಾನಿಗಳ ಹೆಸರನ್ನು ಅದರ ಮೇಲೆ ಕೆತ್ತಿಸಬಹುದು. ವಿದ್ಯಾರ್ಥಿನಿಲಯದ ನೀರಿನ ಕೊಳವೆ ಬದಲಿಸಲು, ಶೌಚಾಲಯ ದುರಸ್ತಿ ಮಾಡಿಸಲು ಹಣ ಕೊಟ್ಟವರ ಹೆಸರನ್ನು ಯಾರು ಕೆತ್ತಿಸುತ್ತಾರೆ? ಈ ಉಪೇಕ್ಷೆ ಎಲ್ಲಿಗೆ ಮುಟ್ಟಿಸುತ್ತದೆಂಬುದನ್ನು ನಾವು ನಮ್ಮ ಮನೆಯಂಗಳದಲ್ಲಿಯೇ ಕಂಡಿದ್ದೇವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಕ್ರಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಎಪ್ಪತ್ತು ವರ್ಷಗಳ ಗೋಡೆ ಅಲುಗಲಿಲ್ಲ. ಕೈಕೊಟ್ಟದ್ದು ಪ್ರವಾಸಿಗಳ ಕಣ್ಣಿಗೆ ಬೀಳದ ಸರಪಳಿ.

ಪೋಪ್ ಎರಡನೆಯ ಜಾನ್ ಪೌಲರು 1990ರಲ್ಲಿ ಕಥೋಲಿಕ ವಿಶ್ವವಿದ್ಯಾನಿಲಯಗಳನ್ನು ಕುರಿತು ಹೊರಡಿಸಿದ 'ಎಕ್ಸ್ ಕೋರ್ದೆ ಎಕ್ಲೇಸಿಯೇ' ಎಂಬ ಪ್ರೇಷಿತ ಸಂವಿಧಾನದಲ್ಲಿ, ಉನ್ನತ ಶಿಕ್ಷಣದಿಂದ ವಾಡಿಕೆಯಾಗಿ ವಂಚಿತರಾಗುತ್ತ ಬಂದ ಬಡವರಿಗೂ ಅಲ್ಪಸಂಖ್ಯಾತರಿಗೂ ಅದು ಎಟುಕುವಂತೆ ಮಾಡುವುದನ್ನು ಈ ಸಂಸ್ಥೆಗಳ ಹೊಣೆಯಾಗಿ ಕಾಣಿಸಿದ್ದಾರೆ. ಅವರು ಹೇಳಿದ್ದು ಕಥೋಲಿಕರಿಗೆ ಮಾತ್ರ ಎಂದಲ್ಲ. ಆದ್ದರಿಂದ ಇಲ್ಲಿ ನಾನು ಕೇಳುತ್ತಿರುವುದೂ ನಮ್ಮ ಸಮುದಾಯದ ಮಕ್ಕಳಿಗಷ್ಟೇ ಅಲ್ಲ; ಈ ಸೀಮೆಯ ದಲಿತರ, ಲಂಬಾಣಿ ತಾಂಡಾಗಳ, ಗುಳೆ ಹೋಗುವ ಒಕ್ಕಲು ಮನೆಗಳ ಮಕ್ಕಳೆಲ್ಲರಿಗಾಗಿ.

ಇದ್ದ ಗೋಡೆಗಳನ್ನೇ ಹೆಚ್ಚು ಜನರಿಗೆ ತೆರೆಯುವ ವಿದ್ಯೆ ಈ ಸಂಸ್ಥೆಗಳಿಗೆ ಗೊತ್ತಿಲ್ಲದ್ದೇನಲ್ಲ. ಸಂತ ಅಲೋಶಿಯಸ್ ಮತ್ತು ಸಂತ ಜೋಸೆಫ್ ಎರಡೂ ಹಗಲು ದುಡಿಯುವವರಿಗಾಗಿ ಸಂಜೆ ಕಾಲೇಜು ನಡೆಸಿದವು. ಮಂಗಳೂರಿನ ಆವರಣದಿಂದ 2009ರಲ್ಲಿ ಆರಂಭಗೊಂಡ 'ರೇಡಿಯೋ ಸಾರಂಗ್' ಪ್ರವೇಶಪತ್ರವಿಲ್ಲದ ಮೀನುಗಾರನಿಗೂ ಕೃಷಿಕನಿಗೂ ಕಿವಿಗೆ ತಲುಪಿತು. ಇಂತಹ ಬುದ್ಧಿ ನಮ್ಮ ಕಡೆಗೂ ಏಕೆ ತಿರುಗಬಾರದು?

ಕೆಲವರು, ಬಳ್ಳಾರಿ ಧರ್ಮಪ್ರಾಂತ್ಯದಲ್ಲಿಯೇ ಒಂದು ವಿಶ್ವವಿದ್ಯಾನಿಲಯ ಕಟ್ಟಬೇಕೆನ್ನುತ್ತಾರೆ. ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಹರಡಿದ ನಮ್ಮ ಸಣ್ಣ ಸಮುದಾಯಕ್ಕೆ ಆ ಭಾರ ಈಗ ಹೊರಲಾಗದ್ದು ಎಂದೇ ನನ್ನ ಎಣಿಕೆ. ಸರ್ಕಾರವೇ 2023ರಲ್ಲಿ ಆರಂಭಿಸಿದ ಕೊಪ್ಪಳ ವಿಶ್ವವಿದ್ಯಾನಿಲಯದ ಹೆಸರು, ಎರಡು ವರ್ಷ ತುಂಬುವುದರೊಳಗೆ, ಸಚಿವ ಸಂಪುಟದ ಉಪಸಮಿತಿ ಮುಚ್ಚಬಹುದೆಂದ ಒಂಬತ್ತರ ಪಟ್ಟಿಯಲ್ಲಿ ಸೇರಿತ್ತು. ನಾಮಫಲಕ ಹಾಕುವುದು ಸುಲಭ, ನಡೆಸುವುದು ಬೇರೆ.

ಸಾಧ್ಯವಾದದ್ದನ್ನು ಕೇಳೋಣ. ಮೂರು ವಿಶ್ವವಿದ್ಯಾನಿಲಯಗಳೂ ತಮ್ಮ ವಿದ್ಯಾರ್ಥಿನಿಲಯಗಳಲ್ಲಿ ಕಲ್ಯಾಣ ಕರ್ನಾಟಕದ ಬಡ ವಿದ್ಯಾರ್ಥಿಗಳಿಗೆಂದು, ಅರ್ಧ ಹೆಣ್ಣುಮಕ್ಕಳಿಗೆ ಮೀಸಲಾಗಿ, ಇಷ್ಟು ಸ್ಥಾನಗಳೆಂದು ಘೋಷಿಸಲಿ. ಊಟದ ಖರ್ಚಿಗೆ ಹಳೆಯ ವಿದ್ಯಾರ್ಥಿಗಳ ಸಂಘಗಳನ್ನು ಕೇಳಲಿ; ಹೊರದೇಶಗಳಲ್ಲಿ ಚೆನ್ನಾಗಿರುವವರು ಅವುಗಳಲ್ಲಿ ಬಹಳ ಮಂದಿ ಇದ್ದಾರೆ. ನಮ್ಮ ಧರ್ಮಕೇಂದ್ರಗಳ ಶಾಲೆಗಳಲ್ಲಿ ಸಂಜೆ ಖಾಲಿ ಬೀಳುವ ಒಂದೊಂದು ತರಗತಿಯನ್ನು ಪಿ.ಯು.ಸಿ. ಮಕ್ಕಳ ವಾಚನಾಲಯವಾಗಿ ತೆರೆಯಲು ಧರ್ಮಪ್ರಾಂತ್ಯದ ಅನುಮತಿ ಮತ್ತು ಒಬ್ಬ ಮೇಲ್ವಿಚಾರಕ ಸಾಕು. ಪ್ರವೇಶ ಅರ್ಜಿಗಳು ಪಿ.ಯು.ಸಿ. ಫಲಿತಾಂಶಕ್ಕೂ ಮುಂಚೆಯೇ ಆರಂಭವಾಗುವುದರಿಂದ, ವಿದ್ಯಾರ್ಥಿನಿಲಯದ ಸ್ಥಾನ ಮತ್ತು ತಿಂಗಳ ಖರ್ಚಿನ ವಿವರ ಡಿಸೆಂಬರ್ ಒಳಗೆ, ಕನ್ನಡದಲ್ಲಿ, ಮುನಿರಾಬಾದ್, ಗಂಗಾವತಿಗಳಂತಹ ಊರುಗಳ ಕಾಲೇಜುಗಳ ಸೂಚನಾ ಫಲಕಕ್ಕೆ ಬಂದು ಸೇರಬೇಕು.