ತೊಗರಿಯ ಹೂವಿಗೆ ಪ್ರಾಸವಿಲ್ಲವೆ?

ಕನ್ನಡ ತರಗತಿಗಳಲ್ಲಿಯೂ ಕವನಸ್ಪರ್ಧೆಗಳಲ್ಲಿಯೂ ಒಂದು ತಪ್ಪು ನಂಬಿಕೆ ಬೇರುಬಿಟ್ಟಿದೆ. ಸಾಲುಗಳ ಕೊನೆಯಲ್ಲಿ ಒಂದೇ ಸದ್ದು ಬಂದರೆ ಅದು ಪ್ರಾಸ. ಕೋಗಿಲೆ, ಮಾಮರ, ಚಂದಿರ, ಮಲ್ಲಿಗೆ ಬಂದರೆ ಅದು ಪ್ರಕೃತಿವರ್ಣನೆ. ಇವೆರಡೂ ಸೇರಿ ನಲ್ಲೆಯನ್ನು ಕರೆದರೆ ಅದು ಸಾಂಪ್ರದಾಯಿಕ ಪ್ರೇಮಕವಿತೆ. ಬೀದರ ಜಿಲ್ಲೆಯ ಔರಾದದಂಥ ಗಡಿ ತಾಲ್ಲೂಕಿನ ವಿದ್ಯಾರ್ಥಿಯೂ ಈ ಅಚ್ಚಿನಲ್ಲಿಯೇ ಬರೆಯುತ್ತಾನೆ, ಮೆಚ್ಚುಗೆಯನ್ನೂ ಪಡೆಯುತ್ತಾನೆ. ಆ ಕವಿತೆಯಲ್ಲಿ ಪ್ರೇಮವಿರಬಹುದು. ಸಂಪ್ರದಾಯವಂತೂ ಇಲ್ಲ, ಔರಾದವೂ ಇಲ್ಲ.

ಕನ್ನಡ ಛಂದಸ್ಸಿನಲ್ಲಿ ಪ್ರಾಸವೆಂದರೆ ಮೊದಲಿಗೆ ಆದಿಪ್ರಾಸ. ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ನಿಯಮ. ಕ್ರಿ.ಶ. 700ರ ಸುಮಾರಿನದೆಂದು ಎಣಿಸಲಾದ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ತ್ರಿಪದಿಗಳಲ್ಲಿಯೇ ಅದು ನೆಲೆಗೊಂಡಿದೆ. ರಾಷ್ಟ್ರಕೂಟರ ಮಾನ್ಯಖೇಟದ ಆಸ್ಥಾನದಲ್ಲಿ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, 9ನೆಯ ಶತಮಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಪ್ರಾಸವನ್ನು ವಿಸ್ತಾರವಾಗಿ ಚರ್ಚಿಸುತ್ತದೆ. 10ನೆಯ ಶತಮಾನದ ನಾಗವರ್ಮನು ‘ಛಂದೋಂಬುಧಿ’ಯಲ್ಲಿ ಅದನ್ನು ಸಿಂಹ, ಗಜ, ವೃಷಭ, ಅಜ, ಶರಭ, ಹಯವೆಂದು ಆರಾಗಿ ವಿಂಗಡಿಸುತ್ತಾನೆ. ಆತನು ಈ ಲಕ್ಷಣಗಳನ್ನು ಹೇಳುವುದು ತನ್ನ ಮಡದಿಯನ್ನು ಸಂಬೋಧಿಸಿ. ಪ್ರಾಸದ ಶಾಸ್ತ್ರವೇ ನಲ್ಲೆಗೆ ಹೇಳಿದ ಮಾತಾಗಿರುವ ಭಾಷೆಯಲ್ಲಿ, ಪ್ರೇಮಕವಿತೆ ಬರೆಯುವವರಿಗೆ ಆ ಶಾಸ್ತ್ರವು ಎರಡು ಅಂಕದ ಪ್ರಶ್ನೆಯಾಗಿ ಮಾತ್ರ ಉಳಿದಿರುವುದು ವಿಷಾದದ ಸಂಗತಿ.

ಪೂರ್ವಿಕರು ಎರಡನೆಯ ಅಕ್ಷರವನ್ನು ಹಿಡಿದದ್ದಕ್ಕೆ ಭಾಷೆಯ ರಚನೆಯಲ್ಲಿಯೇ ಸಮರ್ಥನೆಯಿದೆ. ಕನ್ನಡದಲ್ಲಿ ಧಾತುವೂ ಪ್ರಕೃತಿಯೂ ಪದದ ಮೊದಲಲ್ಲಿರುತ್ತವೆ. ವಿಭಕ್ತಿ, ವಚನ, ಆಖ್ಯಾತಗಳ ಪ್ರತ್ಯಯಗಳೆಲ್ಲ ಕೊನೆಗೆ ಹತ್ತುತ್ತವೆ. ‘ಕಣ್ಣಲ್ಲಿ’, ‘ಬಾನಲ್ಲಿ’, ‘ಮನದಲ್ಲಿ’ ಎಂದು ಸಾಲು ಮುಗಿಸಿದಾಗ ಅಲ್ಲಿ ಕೂಡಿಬಂದದ್ದು ಸಪ್ತಮೀ ವಿಭಕ್ತಿ ಮಾತ್ರ. ‘ನಗುವಾಗ’, ‘ಬರುವಾಗ’ ಎಂಬಲ್ಲಿಯೂ ಅಷ್ಟೇ. ವ್ಯಾಕರಣವು ಪುಕ್ಕಟೆಯಾಗಿ ಕೊಡುವುದನ್ನು ಕವಿಯ ಗಳಿಕೆಯೆಂದು ಮೆಚ್ಚಬೇಕಾಗಿಲ್ಲ. ಎರಡನೆಯ ಅಕ್ಷರದ ಪ್ರಾಸದಲ್ಲಿ ಪದದ ಬೇರು ಇನ್ನೊಂದು ಪದದ ಬೇರನ್ನು ಮುಟ್ಟಬೇಕು. ಅಲ್ಲಿ ಕವಿ ಪದವನ್ನು ಹುಡುಕಲೇಬೇಕು. ಹುಡುಕುವಾಗ ಎಣಿಸದಿದ್ದ ಅರ್ಥವೂ ಸಿಗುತ್ತದೆ.

ಔರಾದದ ಹೊಲದಿಂದಲೇ ಒಂದು ಪದವನ್ನು ಎತ್ತಿಕೊಳ್ಳಬಹುದು: ತೊಗರಿ. ಅಂತ್ಯಪ್ರಾಸದ ಅಭ್ಯಾಸವುಳ್ಳವನಿಗೆ ಇದರ ಜೋಡಿಯಾಗಿ ‘ನಗರಿ’ಯಂಥ ಒಂದೆರಡು ಪದಗಳು ಹೊಳೆಯುತ್ತವೆ, ಅಲ್ಲಿಗೆ ದಾರಿ ಮುಗಿಯುತ್ತದೆ. ಆದುದರಿಂದಲೇ ಅವನು ತೊಗರಿಯನ್ನು ಬಿಟ್ಟು ಚಂದಿರನ ಕಡೆಗೆ ಹೋಗುತ್ತಾನೆ. ಆದಿಪ್ರಾಸದಲ್ಲಿ ನೋಡಿದರೆ ನಗೆ, ಮೊಗ, ಸೊಗಸು, ಮುಗಿಲು, ಹಗಲು, ಅಗಲಿಕೆ ಇವೆಲ್ಲವೂ ತೊಗರಿಯ ಬಳಗ. ಮೊದಲಕ್ಷರ ಹ್ರಸ್ವವಾದ ಸಿಂಹಪ್ರಾಸ. ಪ್ರೇಮಕವಿತೆಗೆ ಬೇಕಾದ ಪದಕೋಶದ ಬಹುಪಾಲು ಒಂದು ಬೇಳೆಯ ಗಿಡದ ಸುತ್ತ ನಿಂತಿದೆ. ಇಲ್ಲಿ ನಿದರ್ಶನಕ್ಕಾಗಿಯೇ ಕಟ್ಟಿದ ತ್ರಿಪದಿಯೊಂದನ್ನು ಪರಿಶೀಲಿಸಬಹುದು:

ತೊಗರೀಯ ಹೂವಂತ ನಗುವವಳೆ ಬಾ ಹೊಲಕ
ಮುಗಿಲೀನ ಕೆಳಗ ಬಿಳಿಜೋಳ – ತಲಿದೂಗಿ
ಹಗಲೆಲ್ಲ ನಿನ್ನ ಕರೆದಾವ

ಇದು ಮಹಾಕಾವ್ಯವೇನಲ್ಲ. ಆದರೆ ಸಾಲಿನ ಕೊನೆಯಲ್ಲಿ ಯಾವ ಸದ್ದೂ ಕೂಡದೆಯೇ ಕಿವಿ ತುಂಬುತ್ತದೆಂಬುದಕ್ಕೆ ಇಷ್ಟು ಸಾಕು. ಆದಿಪ್ರಾಸ ಪಂಡಿತರ ಕಣ್ಣಿಗಷ್ಟೇ ಕಾಣುವಂಥದೆಂಬ ಆಕ್ಷೇಪವನ್ನು ಬೀಸುವಕಲ್ಲಿನ ಮುಂದೆ ಹಾಡಿದ ಹೆಂಗಸರು ಎಂದೋ ಸುಳ್ಳು ಮಾಡಿದ್ದಾರೆ. ಓದು ಬರಹವಿಲ್ಲದ ಅವರು ನೂರಾರು ತ್ರಿಪದಿಗಳನ್ನು ನೆನಪಿನಲ್ಲಿ ಉಳಿಸಿಕೊಂಡದ್ದರಲ್ಲಿ ಎರಡನೆಯ ಅಕ್ಷರದ ಪಾಲು ದೊಡ್ಡದು.

ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿಯೇ ಪ್ರಾಸವನ್ನು ತೊರೆದರು, ಈಗ ಅದರ ಮಾತೇಕೆ ಎಂಬುದು ಇನ್ನೊಂದು ಆಕ್ಷೇಪ. ಅವರ ನಡೆ ಯುಕ್ತವಾದದ್ದೇ. ಪ್ರಾಸ ಕಡ್ಡಾಯವಾದಾಗ ಪದ್ಯದಲ್ಲಿ ವ್ಯರ್ಥಪದಗಳು ತುಂಬುತ್ತವೆ. ಹಳಗನ್ನಡ ಓದಿದವರಾರೂ ಇದನ್ನು ಅಲ್ಲಗಳೆಯಲಾರರು. ಆದರೆ ಪೈಗಳು ಬಲ್ಲದ್ದನ್ನು ಬಿಟ್ಟವರು. ಇಂದಿನ ವಿದ್ಯಾರ್ಥಿಗೆ ಬಿಡಲು ಕೈಯಲ್ಲಿ ಏನೂ ಇಲ್ಲ. 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದ ಮೂಲಕ ಬಿ.ಎಂ.ಶ್ರೀ. ಅವರು ತೆರೆದ ಭಾವಗೀತೆಯ ಹಾದಿ ಕನ್ನಡಕ್ಕೆ ಹೊಸ ಉಸಿರು ಕೊಟ್ಟಿತು. ಅಂತ್ಯಪ್ರಾಸವೂ ಹೊರಗಿನದಲ್ಲ, ಹರಿಹರನ ಕಾಲದ ರಗಳೆಗಳಲ್ಲಿ ಆದಿ, ಅಂತ್ಯ ಎರಡೂ ಜೊತೆಯಾಗಿ ನಡೆದಿವೆ. ಆ ಎರಡರಲ್ಲಿ ಸುಲಭವಾದುದನ್ನು ಮಾತ್ರ ಉಳಿಸಿಕೊಂಡು ಅದಕ್ಕೆ ಸಂಪ್ರದಾಯವೆಂಬ ಹೆಸರಿಡುವುದಕ್ಕೆ ವಿರೋಧ.

ಪ್ರಕೃತಿಯ ವಿಷಯದಲ್ಲಿಯೂ ಇದೇ ಮರೆವು. ಅಷ್ಟಾದಶವರ್ಣನೆಗಳ ಪಟ್ಟಿ ಕೈಯಲ್ಲಿದ್ದರೂ ಪಂಪನು ಬನವಾಸಿಯನ್ನು ಹೆಸರಿಟ್ಟು ಹಂಬಲಿಸಿದನು. ಅವನ ‘ಆದಿಪುರಾಣ’ದಲ್ಲಿ (941) ಲಲಿತಾಂಗ–ಸ್ವಯಂಪ್ರಭೆಯರ ಒಲವಿನ ನಡುವೆ ಬಾಡತೊಡಗುವ ಹೂಮಾಲೆ ಅಗಲಿಕೆಯನ್ನು ಸಾರುವ ಚಿಹ್ನೆ, ಅದನ್ನು ತೆಗೆದರೆ ಕಥೆಯೇ ನಿಲ್ಲದು. ಆಂಡಯ್ಯನು 13ನೆಯ ಶತಮಾನದಲ್ಲಿ ಕಾಮನ ಕಥೆಗೆ ತತ್ಸಮಗಳನ್ನು ದೂರವಿಟ್ಟು, ಕನ್ನಡದ ನುಡಿಯೇ ಶೃಂಗಾರಕ್ಕೆ ಸಾಕೆಂದು ‘ಕಬ್ಬಿಗರ ಕಾವ’ದಲ್ಲಿ ತೋರಿಸಿದನು. ಈ ಜೈನ ಕವಿಗಳ ವಾರಸುದಾರರೆಂದು ಹೇಳಿಕೊಳ್ಳುವವರು ಮಲೆನಾಡಿನ ಮಳೆಯನ್ನು ಎರವಲು ತಂದು ಎರೆಭೂಮಿಯ ಮೇಲೆ ಸುರಿಸುವುದು ವಿಪರ್ಯಾಸ. ಬೇಸಿಗೆಯಲ್ಲಿ ಬಾಯಿಬಿಡುವ ಕರಿನೆಲ, ಕೆಂಪು ಮುತ್ತುಗ, ಮಾಂಜ್ರಾ ನದಿಯ ದಂಡೆ, ದೇವಣಿ ಎತ್ತಿನ ಕೊರಳ ಗಂಟೆ, ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಹಂಚಿಕೊಳ್ಳುವ ಭಜ್ಜಿ ಮತ್ತು ಅಂಬಲಿ ಇವು ಒಲವಿಗೆ ಸಾಕ್ಷಿಯಾಗಲಾರವೆಂದು ಯಾವ ಲಾಕ್ಷಣಿಕನೂ ಹೇಳಿಲ್ಲ.

ಗಡಿಯ ಕನ್ನಡ ಕಲಬೆರಕೆಯಾದುದು, ಅದರಲ್ಲಿ ಕಾವ್ಯ ಹುಟ್ಟದು ಎಂಬ ಮಾತು ಈ ಮರೆವಿಗೆ ಇನ್ನಷ್ಟು ಬಲ ಕೊಡುತ್ತದೆ. ವಸ್ತುಸ್ಥಿತಿ ಇದಕ್ಕೆ ವಿರುದ್ಧವಾಗಿದೆ. ಕನ್ನಡದೊಡನೆ ಮರಾಠಿ, ಉರ್ದು, ತೆಲುಗುಗಳು ಔರಾದದವರ ಕಿವಿಗೆ ಬೀಳುತ್ತವೆ. ತೆಲುಗಿನ ಪದ್ಯ ಕನ್ನಡದಂತೆಯೇ ಎರಡನೆಯ ಅಕ್ಷರದ ಪ್ರಾಸವನ್ನು ಕಾಪಾಡಿಕೊಂಡಿದೆ. ಉರ್ದು ಗಜಲಿನಲ್ಲಿ ಕೊನೆಗೆ ಮರುಕಳಿಸುವ ರದೀಫ್ ಬೇರೆ, ಅದಕ್ಕೆ ಮೊದಲು ಬರುವ ಕಾಫಿಯಾ ಬೇರೆ. ಕವಿಯ ಜಾಣ್ಮೆ ತೂಗುವುದು ಕಾಫಿಯಾದಲ್ಲಿ. ಬರಿಯ ಪುನರಾವೃತ್ತಿ ಪ್ರಾಸವಲ್ಲವೆಂಬ ತಿಳಿವಳಿಕೆ ಅಲ್ಲಿಯೂ ಇದೆ. ರಾಯಚೂರು ಸೀಮೆಯ ಶಾಂತರಸರು ಗಜಲನ್ನು ಕನ್ನಡಕ್ಕೆ ಒಗ್ಗಿಸಿದ್ದು ಇಂಥ ಬಹುಭಾಷಿಕ ನೆಲದಲ್ಲಿಯೇ. ತೌಲನಿಕ ಛಂದಸ್ಸಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಕರ್ನಾಟಕದಲ್ಲಿ ಸುಲಭವಾಗಿ ಸಿಗದು.

ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆಯೆಂಬ ‘ಕವಿರಾಜಮಾರ್ಗ’ದ ಮಾತನ್ನು ವೇದಿಕೆಗಳಲ್ಲಿ ಹೆಮ್ಮೆಯಿಂದ ಉದ್ಧರಿಸುವುದುಂಟು. ಆ ಎಲ್ಲೆಯೊಳಗೇ ಇರುವ ಔರಾದದ ತರುಣನು ತನ್ನ ನಲ್ಲೆಯನ್ನು ತನ್ನ ಹೊಲದ ಹೂವಿನ ಹೆಸರಿನಿಂದ ಕರೆಯಲು ನಾಚುವಂತಾದರೆ ಆ ಹೆಮ್ಮೆಗೆ ಅರ್ಥವಿಲ್ಲ. ಷಟ್‌ಪ್ರಾಸವನ್ನು ಉರುಹೊಡೆಸುವುದನ್ನು ನಿಲ್ಲಿಸಿ, ಒಂದು ತ್ರಿಪದಿಯನ್ನಾದರೂ ವಿದ್ಯಾರ್ಥಿಯ ಕೈಯಿಂದ ಕಟ್ಟಿಸುವ ಹೊಣೆ ಕನ್ನಡ ವಿಭಾಗಗಳದು. ಅದಾದ ಮೇಲೆ ಅವನು ಪ್ರಾಸವನ್ನು ಬಿಡುತ್ತೇನೆಂದರೆ ಬಿಡಲಿ. ಆಗ ಅದು ಪೈಗಳ ಹಾದಿಯಾದೀತು.