ಐದು ಸೀಟಿನ ಸುಳ್ಳು

ಕಾರಿನ ಬ್ರೋಶರ್‌ನಲ್ಲಿ ಫೈವ್ ಸೀಟರ್ ಅಂತಿರುತ್ತೆ. ಆರ್‌ಸಿ ಕಾರ್ಡಿನಲ್ಲೂ ಐದು, ಇನ್ಶೂರೆನ್ಸ್ ಪಾಲಿಸಿಯಲ್ಲೂ ಐದು. ಈ ಐದರಲ್ಲಿ ಒಂದು ಸೀಟು ಸುಳ್ಳು ಅನ್ನೋದು ಮನೆಯಲ್ಲಿ ಮೂರು ಸಣ್ಣ ಮಕ್ಕಳಿರುವವರಿಗೆ ಮಾತ್ರ ಗೊತ್ತು. ಹಿಂದಿನ ಸಾಲಿನ ನಡುವೆ ಇರುವುದು ಸೀಟಲ್ಲ, ಎರಡು ಸೀಟು ಮಾಡಿದ ಮೇಲೆ ಉಳಿದುಹೋದ ಜಾಗ. ದೊಡ್ಡವರು ಅಲ್ಲಿ ಮೈ ಮುದುಡಿಕೊಂಡು ಹೇಗೋ ಮೈಸೂರು ತನಕ ಹೋಗಿಬಿಡ್ತಾರೆ. ಮಗುವಿನ ಕಾರ್ ಸೀಟು ಮೈ ಮುದುಡಿಕೊಳ್ಳೋದಿಲ್ಲ.

‘ಈ ಕಾಲದಲ್ಲಿ ಮೂರು ಮಕ್ಕಳು ಯಾರಿಗಿರ್ತಾರೆ?’ ಅಂತ ನಗಬೇಡಿ. ನಮಗಿದಾರೆ. ಮೊದಲು ಒಬ್ಬಳು, ಎರಡನೇ ಸಲಕ್ಕೆ ಅವಳಿ. ಅದು ನಾವು ಮೀಟಿಂಗ್ ಮಾಡಿ ತೀರ್ಮಾನಿಸಿದ್ದಲ್ಲ. ಅದು ಬಿಡಿ, ಒಂದೇ ಮಗು ಇರುವವರೂ ಅಕ್ಕನ ಮಕ್ಕಳನ್ನು ಕೂರಿಸಿಕೊಂಡು ಮದುವೆಗೆ ಹೋಗ್ತಾರೆ. ಅಪಾರ್ಟ್‌ಮೆಂಟಿನ ಮೂರು ಮನೆಯವರು ಸರದಿ ಮೇಲೆ ಮಕ್ಕಳನ್ನು ಸ್ಕೂಲಿಗೆ ಬಿಡ್ತಾರೆ. ಹಿಂದಿನ ಸೀಟಿನಲ್ಲಿ ಮೂರು ಮಕ್ಕಳು ಈ ಊರಿನಲ್ಲಿ ದಿನಾ ಬೆಳಗ್ಗೆ ಕಾಣುವ ದೃಶ್ಯ.

ಕಾನೂನು ಏನು ಹೇಳುತ್ತೆ? 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದಾಗ 194ಬಿ ಅಂತ ಒಂದು ಸೆಕ್ಷನ್ ಸೇರಿಸಿದರು. 14 ವರ್ಷ ತುಂಬದ ಮಗು ಸೀಟ್ ಬೆಲ್ಟ್ ಅಥವಾ ಮಕ್ಕಳ ಸೀಟಿನಲ್ಲಿ ಭದ್ರವಾಗಿಲ್ಲದಿದ್ದರೆ ಕಾರು ಓಡಿಸುವವರಿಗೆ 1000 ರೂಪಾಯಿ ದಂಡ. ಸರಿ, ಇರಲಿ. ಆದರೆ ಮೂರು ಮಕ್ಕಳನ್ನು ಹಾಗೆ ಭದ್ರವಾಗಿ ಕೂರಿಸಲು ಆಗದೇ ಇರುವ ಕಾರನ್ನು ‘ಐದು ಜನಕ್ಕೆ’ ಅಂತ ಮಾರಿದವರಿಗೆ? ಏನೂ ಇಲ್ಲ. ಕೂರಿಸದಿದ್ದರೆ ತಪ್ಪು ನಮ್ಮದು, ಕೂರಿಸೋಕೆ ಜಾಗ ಇಲ್ಲದಿದ್ದರೆ ತಪ್ಪು ಯಾರದ್ದೂ ಅಲ್ಲ.

ಲೆಕ್ಕ ಬಹಳ ಸರಳ. ಯುರೋಪಿನ ಐ-ಸೈಜ್ ಮಾನದಂಡ ಮಕ್ಕಳ ಸೀಟಿಗೆ ಇಟ್ಟುಕೊಂಡಿರುವ ಅಗಲ 44 ಸೆಂಟಿಮೀಟರ್. ಮೂರು ಸೀಟಿಗೆ 132. ಇಲ್ಲಿ ಸಿಗುವ ಎಷ್ಟೋ ಸೀಟುಗಳು ಅದಕ್ಕಿಂತ ಅಗಲ. ಈಗ ಒಂದು ಟೇಪ್ ತಗೊಂಡು ನಿಮ್ಮ ಕಾರಿನ ಹಿಂದಿನ ಸೀಟನ್ನು ಒಂದು ಬಾಗಿಲಿನ ಆರ್ಮ್‌ರೆಸ್ಟಿನಿಂದ ಇನ್ನೊಂದರ ತನಕ ಅಳೆಯಿರಿ. ವ್ಯಾಗನ್‌ಆರ್‌ನ ಹೊರಮೈ ಅಗಲವೇ 162 ಸೆಂಟಿಮೀಟರ್. ಅದರಲ್ಲಿ ಎರಡೂ ಬಾಗಿಲುಗಳ ದಪ್ಪ, ಬಾಟಲಿ ಇಡುವ ಜಾಗ, ಸ್ಪೀಕರ್ ಎಲ್ಲಾ ಕಳೆದು ನೋಡಿ.

ಇದನ್ನು ಹೇಳಿದ ತಕ್ಷಣ ಎಲ್ಲರ ಬಾಯಲ್ಲೂ ಬರುವ ಮಾತು: ‘ಹಾಗಿದ್ರೆ ದೊಡ್ಡ ಕಾರು ತಗೊಳ್ಳಿ.’ ಎಷ್ಟು ದೊಡ್ಡದು? ನಾಲ್ಕು ಮೀಟರ್ ಒಳಗಿನ ಬ್ರೆಝಾದ ಅಗಲ 1790 ಮಿಲಿಮೀಟರ್. 4.3 ಮೀಟರ್ ಉದ್ದದ ಕ್ರೆಟಾದ ಅಗಲವೂ 1790! ಸ್ವಿಫ್ಟ್ 1735, ಏಳು ಸೀಟಿನ ಎರ್ಟಿಗಾನೂ 1735. ಲಕ್ಷಗಟ್ಟಲೆ ಹೆಚ್ಚು ಇಎಂಐ ಕಟ್ಟಿ ನಾವು ಕೊಳ್ಳುವುದು ಬರೀ ಉದ್ದ. ಅಕ್ಕಪಕ್ಕ ಮೂರು ಸೀಟು ಇಡೋಕೆ ಬೇಕಾಗಿರೋದು ಅಗಲ. ಏಳು ಸೀಟಿನ ಕಾರಿನಲ್ಲಿ ಮೂರನೇ ಸಾಲು ಸಿಗುತ್ತೆ ನಿಜ. ಆಗ ಒಂದು ಮಗು ಹಿಂದಿನ ಗಾಜಿಗೆ ಅಂಟಿಕೊಂಡು ಕೂರಬೇಕು, ಡಿಕ್ಕಿಯಲ್ಲಿ ಸ್ಟ್ರಾಲರ್ ಹಾಗಿರಲಿ ಒಂದು ಬ್ಯಾಗಿಗೂ ಜಾಗ ಹುಡುಕಬೇಕು.

ಐಸೋಫಿಕ್ಸ್ ಅನ್ನೋ ಪದವನ್ನು ಈಗ ಎಲ್ಲಾ ಸೇಲ್ಸ್‌ನವರೂ ಬಾಯಿಪಾಠ ಮಾಡಿದ್ದಾರೆ. ಸೀಟಿನ ಸಂದಿಯಲ್ಲಿ 28 ಸೆಂಟಿಮೀಟರ್ ಅಂತರದಲ್ಲಿ ಎರಡು ಕಬ್ಬಿಣದ ಕೊಂಡಿಗಳು, ಮಕ್ಕಳ ಸೀಟು ಅದಕ್ಕೆ ಟಕ್ ಅಂತ ಕೂರುತ್ತೆ. ಒಳ್ಳೆಯ ವ್ಯವಸ್ಥೆ. ಆದರೆ ನಮ್ಮಲ್ಲಿ ಸಾಮಾನ್ಯವಾಗಿ ಕೊಡೋದು ಕಿಟಕಿ ಪಕ್ಕದ ಎರಡು ಜಾಗಕ್ಕೆ ಮಾತ್ರ. ಅಷ್ಟೇ ಅಲ್ಲ, ಕೊಂಡಿಗೆ ಕೂತ ಸೀಟು ಆಚೀಚೆ ಅರ್ಧ ಇಂಚೂ ಸರಿಯೋದಿಲ್ಲ. ಎರಡೂ ಕಡೆ ಐಸೋಫಿಕ್ಸ್ ಹಾಕಿದಿರೋ, ನಡುವೆ ಉಳಿಯೋದು ಒಂದು ಬಿಸ್ಕತ್ ಪ್ಯಾಕ್ ಇಡುವಷ್ಟು ಜಾಗ. ಒಂದು ಶೋರೂಮಿನಲ್ಲಿ ಇದನ್ನೇ ಕೇಳಿದಾಗ ಆ ಹುಡುಗ ಬಹಳ ವಿನಯದಿಂದ, ‘ಒಂದು ಬೇಬಿನ ಮೇಡಂ ಎತ್ಕೋತಾರಲ್ಲ ಸಾರ್’ ಅಂದ. ನನ್ನ ಹೆಂಡತಿ ಅವನ ಮುಖ ನೋಡಿದಳು. ಪಾಪ, ಅವನ ಟ್ರೇನಿಂಗಿನಲ್ಲಿ ಸನ್‌ರೂಫ್ ಬಟನ್ ತನಕ ಹೇಳಿಕೊಟ್ಟಿದ್ದರು, ಇದನ್ನು ಹೇಳಿಕೊಟ್ಟಿರಲಿಲ್ಲ.

ಎತ್ಕೊಳ್ಳೋದು ಅಂದರೆ ಏನು ಅಂತ ಹೈಸ್ಕೂಲ್ ಫಿಸಿಕ್ಸೇ ಹೇಳುತ್ತೆ. ಗಂಟೆಗೆ 50 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಗುದ್ದಿದ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 10 ಕಿಲೋ ಮಗು ಆ ಕ್ಷಣಕ್ಕೆ ನಿಮ್ಮ ತೋಳನ್ನು 140 ಕಿಲೋ ಮೂಟೆಯ ಹಾಗೆ ಎಳೆಯುತ್ತೆ. ಜಿಮ್‌ಗೆ ಹೋಗುವ ಅಪ್ಪಂದಿರೂ ದಯವಿಟ್ಟು ಯೋಚನೆ ಮಾಡಿ. ‘ನಾವೆಲ್ಲ ಒಂದೇ ಸ್ಕೂಟರ್ ಮೇಲೆ ನಾಲ್ಕು ಜನ ಹೋಗಿ ಬೆಳೆದವರಲ್ವಾ, ಏನಾಯ್ತು?’ ಅಂತ ಚಿಕ್ಕಪ್ಪಂದಿರು ಕೇಳ್ತಾರೆ. ಏನೂ ಆಗದವರು ಮಾತ್ರ ಈ ಪ್ರಶ್ನೆ ಕೇಳೋಕೆ ಉಳಿದಿದ್ದಾರೆ, ಚಿಕ್ಕಪ್ಪ.

ಈ ವಿಷಯದಲ್ಲಿ ನಿಜಕ್ಕೂ ಉತ್ತರ ಕೊಡಬೇಕಾದ ವಾದ ಅಮೆರಿಕದಿಂದ ಬಂದಿದೆ. ಜೋರ್ಡನ್ ನಿಕರ್ಸನ್ ಮತ್ತು ಡೇವಿಡ್ ಸೋಲೊಮನ್ ಅನ್ನೋ ಇಬ್ಬರು ಸಂಶೋಧಕರು 2020ರಲ್ಲಿ ಒಂದು ಪ್ರಬಂಧ ಬರೆದರು. ಅಲ್ಲಿನ ರಾಜ್ಯಗಳು ಮಕ್ಕಳ ಸೀಟು ಕಡ್ಡಾಯವಾದ ವಯಸ್ಸನ್ನು ಏರಿಸುತ್ತಾ ಹೋದಂತೆ ಕಾರಿರುವ ಮನೆಗಳಲ್ಲಿ ಮೂರನೇ ಮಗು ಹುಟ್ಟುವುದೇ ಕಡಿಮೆಯಾಯಿತು ಅನ್ನೋದು ಅವರ ವಾದ. ಅವರ ಅಂದಾಜಿನಲ್ಲಿ 2017ರಲ್ಲಿ ಈ ಕಾನೂನುಗಳು ಉಳಿಸಿದ್ದು 57 ಮಕ್ಕಳನ್ನು, ಆ ವರ್ಷ ಹುಟ್ಟದೇ ಹೋದದ್ದು ಸುಮಾರು 8000 ಮಕ್ಕಳು. ಇದನ್ನು ಹಿಡಿದುಕೊಂಡು ‘ನೋಡಿ, ಕಾರ್ ಸೀಟೇ ದಂಡ’ ಅನ್ನೋರಿದ್ದಾರೆ. ನನಗೆ ಇದರಲ್ಲಿ ಕಾಣೋದು ಬೇರೆ. ಮನೆಗೆ ಎಷ್ಟು ಮಕ್ಕಳು ಅನ್ನೋದನ್ನು ಕಾರಿನ ಹಿಂದಿನ ಸೀಟಿನ ಅಗಲ ತೀರ್ಮಾನಿಸುತ್ತೆ ಅಂದರೆ, ತಿದ್ದಬೇಕಾಗಿರೋದು ಸೀಟನ್ನಲ್ಲ, ಕಾರನ್ನು.

ಬ್ರಿಟನ್ನಿನ ಕಾನೂನು ಕನಿಷ್ಠ ಈ ಸಮಸ್ಯೆ ಇದೆ ಅಂತ ಒಪ್ಪಿಕೊಂಡಿದೆ. ಹಿಂದೆ ಎರಡು ಮಕ್ಕಳ ಸೀಟು ಇಟ್ಟ ಮೇಲೆ ಮೂರನೆಯದು ಹಿಡಿಸದಿದ್ದರೆ, ಮೂರು ವರ್ಷ ದಾಟಿದ ಮಗು ದೊಡ್ಡವರ ಬೆಲ್ಟ್ ಹಾಕಿಕೊಂಡು ಹಿಂದೆ ಕೂರಬಹುದು. ಅದಕ್ಕಿಂತ ಸಣ್ಣದಾದರೆ ಸರಿಯಾದ ಸೀಟಿನಲ್ಲೇ ಮುಂದೆ ಕೂರಬೇಕು. ಆದರ್ಶ ಅಂತ ನಾನೇನೂ ಹೇಳಲ್ಲ. ಆದರೆ ಮೂರನೇ ಮಗು ಅವರ ಕಾಗದದಲ್ಲಿ ಇದೆ. ಹಿಂದಿನ ತಲೆಮಾರಿನ ಪ್ಯೂಜೋ 5008ನಂಥ ಕಾರಿನಲ್ಲಿ ನಡುವಿನ ಸಾಲಿಗೆ ಒಂದೇ ಅಗಲದ ಮೂರು ಬಿಡಿ ಸೀಟು ಇದ್ದವು, ಮೂರಕ್ಕೂ ಐಸೋಫಿಕ್ಸ್ ಇತ್ತು. ಅಂದರೆ ಮಾಡೋಕೆ ಬರುತ್ತೆ, ಇಲ್ಲಿ ಮಾಡ್ತಿಲ್ಲ ಅಷ್ಟೇ.

ಅವರು ಮಾಡುವ ತನಕ ಮಕ್ಕಳನ್ನು ಮನೆಯಲ್ಲಿ ಬಿಟ್ಟು ಹೋಗೋಕಾಗಲ್ಲವಲ್ಲ. ಆನ್‌ಲೈನಿನಲ್ಲಿ ರೇಟಿಂಗ್ ನೋಡಿ ಸೀಟು ತರಿಸಬೇಡಿ, ಮೊದಲು ಅಗಲ ನೋಡಿ. ಕಪ್ ಹೋಲ್ಡರ್, ಪಕ್ಕದಲ್ಲಿ ಉಬ್ಬಿದ ಮೆತ್ತೆ ಎಲ್ಲಾ ಸೇರಿಸಿ, ಅತಿ ಅಗಲವಾದ ಕಡೆ ಎಷ್ಟು ಅಂತ. ಒಂದೇ ಮಾಡೆಲಿನ ಮೂರು ಸೀಟು ಕೊಂಡರೆ ಮೂರರ ಭುಜವೂ ಒಂದೇ ಕಡೆ ಗುದ್ದಾಡುತ್ತೆ. ಹಿಂದಕ್ಕೆ ಮುಖ ಮಾಡಿದ ಸೀಟು ಒಂದು ಕಡೆ ಅಗಲ, ಮುಂದಕ್ಕೆ ಮುಖ ಮಾಡಿದ್ದು ಇನ್ನೊಂದು ಕಡೆ ಅಗಲ. ಪಕ್ಕಪಕ್ಕ ಇಟ್ಟರೆ ಹಲಸಿನ ತೊಳೆ ಹಾಗೆ ಒಂದರೊಳಗೊಂದು ಕೂರುತ್ತವೆ. ನಮ್ಮಲ್ಲಿ ಅವಳಿಗಳು ಹಿಂದಕ್ಕೆ ಮುಖ ಮಾಡಿ ಕೂತದ್ದು, ಅಕ್ಕನ ಸೀಟು ಮುಂದಕ್ಕೆ ಮುಖ ಮಾಡಿದ್ದು, ಹಾಗೇ ಹಿಡಿಸಿದ್ದು.

ಬೆಲ್ಟಿನಿಂದ ಕಟ್ಟಲು ಬರುವ ಸೀಟಾದರೆ ಒಂದು ಕಡೆಯ ಐಸೋಫಿಕ್ಸ್ ಬಿಟ್ಟುಬಿಡಿ. ಮ್ಯಾನುಯಲ್ ಹೇಳಿದ ಹಾಗೆ ಬಿಗಿಯಾಗಿ ಕಟ್ಟಿದರೆ ಅದೂ ಭದ್ರವೇ, ಬಾಗಿಲ ಕಡೆ ಆ ಒಂದು ಇಂಚು ಸರಿಸಲೂಬಹುದು. ಬೂಸ್ಟರಿನ ಮಗುವನ್ನು ನಡುವೆ ಕೂರಿಸುವ ಮೊದಲು ಬಕಲ್ ನೋಡಿ. ಪಕ್ಕದ ಸೀಟಿನ ಅಡಿಗೆ ಅದು ಸಿಕ್ಕಿಹಾಕಿಕೊಂಡರೆ ದಿನಾ ಬೆಳಗ್ಗೆ ಎಂಟು ಗಂಟೆಗೆ ನಿಮ್ಮ ಬೆರಳು ಸಿಪ್ಪೆ ಸುಲಿಯುತ್ತೆ. ಸೆಕೆಂಡ್ ಹ್ಯಾಂಡ್ ಕಾರಾದರೆ ನಡುವೆ ಬರೀ ಸೊಂಟದ ಬೆಲ್ಟ್ ಇರಬಹುದು. ಅಲ್ಲಿ ಬೂಸ್ಟರ್ ಇಡಲೇಬೇಡಿ. ಎಷ್ಟು ಮಾಡಿದರೂ ಹಿಡಿಸದಿದ್ದರೆ, ದೊಡ್ಡ ಮಗುವನ್ನು ಅದರ ಬೂಸ್ಟರ್ ಸಮೇತ ಮುಂದೆ ಕೂರಿಸಿ, ಆ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ. ಏರ್‌ಬ್ಯಾಗ್ ಆನ್ ಇರುವ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿದ ಕೂಸು ಮಾತ್ರ ಯಾವತ್ತೂ ಬೇಡ.

ಇಷ್ಟೆಲ್ಲ ಸರ್ಕಸ್ ನಾವು ಮಾಡಬೇಕಾ ಅನ್ನೋದೇ ನನ್ನ ತಕರಾರು. 2023ರ ಅಕ್ಟೋಬರಿನಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ, ಮಕ್ಕಳ ಸುರಕ್ಷತೆಗೆ 49 ಅಂಕ ಇಟ್ಟಿದೆ. ಜಾಹೀರಾತಿನಲ್ಲಿ ಐದು ಸ್ಟಾರ್ ಮಿಂಚುತ್ತೆ. ಕ್ರ್ಯಾಶ್ ಟೆಸ್ಟಿನಲ್ಲಿ ಕೂರಿಸುವ ಮಕ್ಕಳ ಗೊಂಬೆಗಳು ಎರಡು: ಒಂದೂವರೆ ವರ್ಷದ್ದು ಒಂದು, ಮೂರು ವರ್ಷದ್ದು ಒಂದು. ಮೂರನೇ ಮಗು ಪರೀಕ್ಷೆಗೂ ಹಾಜರಿಲ್ಲ. ಈ ಅಂಕಪಟ್ಟಿಯಲ್ಲಿ ಒಂದು ಸಾಲು ಸೇರಿಸಿದರೆ ಸಾಕು: ಈ ಕಾರಿನ ಹಿಂದೆ ಅಕ್ಕಪಕ್ಕ ಮೂರು ಮಕ್ಕಳ ಸೀಟು ಹಿಡಿಸುತ್ತೋ ಇಲ್ಲವೋ. ಮ್ಯೂಸಿಕ್ ಸಿಸ್ಟಮ್ಮಿನ ಸ್ಕ್ರೀನ್ ಎಷ್ಟು ಇಂಚು ಅಂತ ಅಚ್ಚು ಹಾಕುವ ಬ್ರೋಶರ್‌ನಲ್ಲಿ ಹಿಂದಿನ ಸೀಟು ಎಷ್ಟು ಇಂಚು ಅಂತಲೂ ಹಾಕಲಿ. ಹಿಡಿಸದ ಕಾರಿಗೆ ಫೋರ್ ಸೀಟರ್ ಅಂತಲೇ ಬರೆಯಲಿ, ಆರ್‌ಸಿಯಲ್ಲೂ.

ಅಲ್ಲೀವರೆಗೆ ಟೆಸ್ಟ್ ಡ್ರೈವ್‌ಗೆ ಮಕ್ಕಳ ಸೀಟುಗಳನ್ನು ಹೊತ್ತುಕೊಂಡೇ ಹೋಗಿ. ಮೂರನ್ನೂ ಕಟ್ಟಿ, ಎರಡೂ ಬಾಗಿಲು ಹಾಕಿ ನೋಡಿ. ‘ಸಾರ್, ಸೀಟ್ ಕವರ್ ಹಾಳಾಗುತ್ತೆ’ ಅಂತಾರೆ. ಅನ್ನಲಿ.